ಬೆತ್ತಕ್ಕೆ ಅಂಜಿದ ಬಾಲಕ

ಆ ಹುಡುಗ ದೇವರಲ್ಲಿ ಬೇಡಿಕೊಳ್ಳಲು ಕಲಿತದ್ದೇ ಒಂದು ವರಕ್ಕಾಗಿ: ಶಾಲೆಯಲ್ಲಿ ಏಟು ಬೀಳದಿರಲಿ. ಏಟು ಮಾತ್ರ ತಪ್ಪಲಿಲ್ಲ. ಮೈಮೇಲಿನ ಬಾಸುಂಡೆ ಕಂಡು ಹಿರಿಯರು ನಕ್ಕರು. ಹೆತ್ತವರೂ ಆ ನಗೆಯಲ್ಲಿ ಸೇರಿಕೊಂಡರು. ಮಗನಿಗೆ ಕೆಡುಕಾಗಲಿ ಎಂಬ ಮನಸ್ಸು ಅವರಿಗಿರಲಿಲ್ಲ. ಶಾಲೆಯೆಂದ ಮೇಲೆ ಏಟು ಇದ್ದದ್ದೇ, ಅದಕ್ಕೆ ಅಳುವುದೇನಿದೆ ಎಂಬುದು ಆ ಕಾಲದ ಎಣಿಕೆ.

ಇದು ಸುಮಾರು 1660 ವರ್ಷಗಳ ಹಿಂದಿನ ಮಾತು. ಆಗ ಉತ್ತರ ಆಫ್ರಿಕ ರೋಮನ್ ಚಕ್ರಾಧಿಪತ್ಯದ ಆಳ್ವಿಕೆಯಲ್ಲಿತ್ತು. ಹುಡುಗನ ಹೆಸರು ಅಗಸ್ಟೀನ್. ಮುಂದೆ ಆತ ಬಿಷಪ್ ಆದ, ಸಂತನೆನಿಸಿದ. ಕ್ರೈಸ್ತ ಜಗತ್ತಿನ ಚಿಂತನೆಯನ್ನು ಆತನಷ್ಟು ತಿದ್ದಿದವರು ಬೆರಳೆಣಿಕೆಯ ಮಂದಿ. 2025ರ ಮೇ 8ರಂದು ಪೋಪ್ ಆಗಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಕೂಡ ಆತನ ಹೆಸರಿನ ಸನ್ಯಾಸಿ ಸಂಘದಿಂದ ಬಂದವರು. ಆದರೆ ಈ ಸಂತ ಬದುಕಿನ ಬಹುಪಾಲು ಒಬ್ಬ ವಿದ್ಯಾರ್ಥಿ, ಆಮೇಲೆ ಒಬ್ಬ ಮೇಷ್ಟ್ರು. ಕಲಿಯುವುದೆಂದರೇನು, ಕಲಿಸುವುದೆಂದರೇನು ಎಂಬ ಪ್ರಶ್ನೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಅದರ ಬೇರು ಆ ಬಾಸುಂಡೆಗಳಲ್ಲೇ ಇತ್ತು.

ಅಗಸ್ಟೀನ್ ಹುಟ್ಟಿದ್ದು ಕ್ರಿ.ಶ. 354ರ ನವೆಂಬರ್ 13ರಂದು, ತಗಾಸ್ತೆ ಎಂಬ ಊರಿನಲ್ಲಿ. ಇಂದಿನ ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ಪಟ್ಟಣವೇ ಅಂದಿನ ತಗಾಸ್ತೆ. ತಂದೆ ಪ್ಯಾಟ್ರೀಷಿಯಸ್‌ಗೆ ಸ್ವಲ್ಪ ಜಮೀನಿತ್ತು, ಊರಿನ ಪೌರಸಭೆಯಲ್ಲಿ ಸ್ಥಾನವಿತ್ತು, ಕೈಯಲ್ಲಿ ಕಾಸು ಮಾತ್ರ ಕಡಿಮೆ. ಆತ ಹಳೆಯ ರೋಮನ್ ದೇವತೆಗಳ ಒಕ್ಕಲು. ತಾಯಿ ಮೋನಿಕಾ ನಿಷ್ಠಾವಂತ ಕ್ರೈಸ್ತಳು. ಒಂದೇ ಮನೆಯಲ್ಲಿ ಎರಡು ನಂಬಿಕೆ. ಆದರೆ ಒಂದು ವಿಷಯದಲ್ಲಿ ಗಂಡ ಹೆಂಡತಿಗೆ ಭಿನ್ನಾಭಿಪ್ರಾಯವಿರಲಿಲ್ಲ: ಮಗ ಚೆನ್ನಾಗಿ ಓದಿ ದೊಡ್ಡ ಮನುಷ್ಯನಾಗಬೇಕು.

ಹುಡುಗನಿಗೆ ಇದು ತಿಳಿದಿತ್ತು. ಮುಂದೆ, ನಲವತ್ತು ದಾಟಿದ ಮೇಲೆ, ಆತ 'ಕನ್ಫೆಷನ್ಸ್' ಎಂಬ 13 ಭಾಗಗಳ ಆತ್ಮನಿವೇದನೆಯನ್ನು ಬರೆದ. ಬಾಲ್ಯದ ಈ ವಿವರಗಳೆಲ್ಲ ಸಿಗುವುದು ಅದರಲ್ಲೇ. ಚೆಂಡಾಟವಾಡಿದ್ದಕ್ಕೆ ಹೊಡೆಯುತ್ತಿದ್ದ ಮೇಷ್ಟ್ರು, ಸಣ್ಣದೊಂದು ವಾದದಲ್ಲಿ ಜೊತೆಯ ಮೇಷ್ಟ್ರಿಗೆ ಸೋತರೆ ಹೊಟ್ಟೆಕಿಚ್ಚಿನಿಂದ ಕುದಿಯುತ್ತಿದ್ದರು. ಆಟದಲ್ಲಿ ಸೋತ ಹುಡುಗನ ಸಿಟ್ಟಿಗಿಂತ ಅದು ಯಾವುದರಲ್ಲಿ ಮೇಲು ಎಂದು ಅಗಸ್ಟೀನ್ ಕೇಳುತ್ತಾನೆ. ದೊಡ್ಡವರ ಆಟಕ್ಕೆ ವ್ಯವಹಾರವೆಂಬ ಹೆಸರು. ಮಕ್ಕಳ ಆಟಕ್ಕೆ ಶಿಕ್ಷೆ. ಈ ಲೆಕ್ಕ ಆತನಿಗೆ ಎಂದೂ ಹೊಂದಲಿಲ್ಲ.

ಹಾಲಿನ ಜೊತೆ ಬಂದ ಭಾಷೆ

ಶಾಲೆಯಲ್ಲಿ ಒಂದು ಒಂದು ಎರಡು, ಎರಡು ಎರಡು ನಾಲ್ಕು ಎಂದು ಮಕ್ಕಳೆಲ್ಲ ಕೂಡಿ ರಾಗವಾಗಿ ಒಪ್ಪಿಸುವ ಪದ್ಧತಿ ಇತ್ತು. ನಮ್ಮ ಮಗ್ಗಿಯ ಹಾಗೆಯೇ. ಅಗಸ್ಟೀನನಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಆದರೆ ರೋಮನ್ ಕವಿ ವರ್ಜಿಲನ ಕಾವ್ಯದಲ್ಲಿ ರಾಣಿ ಡೈಡೋ ಪ್ರಾಣ ಬಿಡುವ ಕಥೆ ಬಂದರೆ ಕಣ್ಣೀರು ಸುರಿಸುತ್ತಿದ್ದ. ಲ್ಯಾಟಿನ್ ಭಾಷೆಯಲ್ಲಿ ಆತ ಜಾಣ. ಗ್ರೀಕ್ ಪಾಠವೆಂದರೆ ಮಾತ್ರ ವಿಷ. ಆ ಭಾಷೆ ಆತನಿಗೆ ಕೊನೆಯವರೆಗೂ ಸಲೀಸಾಗಿ ಒಲಿಯಲಿಲ್ಲ.

ಏಕೆ ಹೀಗಾಯಿತು? ಆತ ಕೊಡುವ ಉತ್ತರ ಸರಳ. ಲ್ಯಾಟಿನ್ ಬಂದದ್ದು ದಾದಿಯರ ಮುದ್ದಿನ ಜೊತೆ, ಸುತ್ತಲಿನವರ ನಗು ಮತ್ತು ತಮಾಷೆಯ ಜೊತೆ. ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳುವ ಆಸೆಯೇ ಆತನಿಗೆ ಮಾತು ಕಲಿಸಿತು. ಗ್ರೀಕ್ ಬಂದದ್ದು ಬೆದರಿಕೆ ಮತ್ತು ಬೆತ್ತದ ಜೊತೆ. ಹೋಮರನ ಕಥೆಗಳೂ ಸೊಗಸಾದವೇ. ಆದರೆ ಪರಭಾಷೆಯ ಕಷ್ಟಕ್ಕೆ ಭಯವೂ ಸೇರಿದ ಮೇಲೆ ಆ ಸಿಹಿಯೆಲ್ಲ ಕಹಿಯಾಯಿತು. ಕಲಿಕೆಗೆ ಭಯದ ಒತ್ತಾಯಕ್ಕಿಂತ ಸಹಜವಾದ ಕುತೂಹಲವೇ ಹೆಚ್ಚು ಬಲ ಕೊಡುತ್ತದೆ ಎಂಬುದು ಆತನ ತೀರ್ಮಾನ. ಕುತೂಹಲ ದಡ ಮೀರಿ ಹರಿಯದಂತೆ ಶಿಸ್ತಿನ ಕಟ್ಟೆ ಬೇಕು ಎಂಬುದನ್ನೂ ಆತ ಅಲ್ಲೇ ಸೇರಿಸಿದ್ದಾನೆ. ಈ ಎರಡನೆಯ ಮಾತನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಅದು ಮುಂದೊಮ್ಮೆ ಬೇರೆ ರೂಪದಲ್ಲಿ ತಿರುಗಿ ಬರುತ್ತದೆ.

ಅಪ್ಪನ ಸಾಲುಸಾಲು ಲೆಕ್ಕ

ತಗಾಸ್ತೆಯ ಓದು ಮುಗಿದ ಮೇಲೆ ಹುಡುಗನನ್ನು ಸುಮಾರು 30 ಕಿಲೋಮೀಟರ್ ದೂರದ ಮದೌರಾ ಊರಿಗೆ ಕಳಿಸಿದರು. ಮುಂದಿನ ಓದಿಗೆ ಕಾರ್ತೇಜ್ ನಗರಕ್ಕೇ ಹೋಗಬೇಕು. ಅದಕ್ಕೆ ತಕ್ಕ ಹಣ ತಂದೆಯಲ್ಲಿರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಅಗಸ್ಟೀನ್ ಒಂದು ವರ್ಷ ಶಾಲೆಯಿಲ್ಲದೆ ಮನೆಯಲ್ಲೇ ಉಳಿಯಬೇಕಾಯಿತು. ಪ್ಯಾಟ್ರೀಷಿಯಸ್ ಹೊಟ್ಟೆಬಟ್ಟೆ ಕಟ್ಟಿ ಕಾಸಿಗೆ ಕಾಸು ಕೂಡಿಸುತ್ತಿದ್ದ. ತನಗಿಂತ ಎಷ್ಟೋ ಸಿರಿವಂತರಾದವರು ಮಕ್ಕಳಿಗಾಗಿ ಇಷ್ಟು ಮಾಡುವುದಿಲ್ಲವೆಂದು ಊರವರೆಲ್ಲ ಆತನನ್ನು ಕೊಂಡಾಡಿದರು.

ಮಗ ಮಾತ್ರ ಮುಂದೆ ಇದನ್ನೇ ನೆನೆದು ನೊಂದುಕೊಂಡ. ಮಗನ ಮಾತುಗಾರಿಕೆ ಬೆಳೆದರೆ ಸಾಕು, ಆತ ಎಂಥ ಮನುಷ್ಯನಾಗುತ್ತಿದ್ದಾನೆ ಎಂದು ತಂದೆ ಒಮ್ಮೆಯೂ ವಿಚಾರಿಸಲಿಲ್ಲ ಎನ್ನುವುದು ಆತನ ದೂರು. ದುಡ್ಡು ಹೊಂದಿಸಿದ ತಂದೆಯ ತ್ಯಾಗ ಸುಳ್ಳಲ್ಲ, ಮಗನ ದೂರೂ ಸುಳ್ಳಲ್ಲ. ಓದಿಸುವ ಭಾರದಲ್ಲಿ ಬಾಗಿದ ಬೆನ್ನಿಗೆ ಮಗುವಿನ ಮುಖ ನೋಡಲು ಪುರುಸೊತ್ತಾಗದಿರುವುದು ಯಾವ ಕಾಲಕ್ಕೂ ಹೊಸದಲ್ಲ.

ಕೆಲಸವಿಲ್ಲದೆ ಕಳೆದ ಆ ವರ್ಷದಲ್ಲೇ ಪ್ರಸಿದ್ಧವಾದ ಪಿಯರ್ ಹಣ್ಣಿನ ಕಳ್ಳತನ ನಡೆದದ್ದು. ಒಂದು ರಾತ್ರಿ ಅಗಸ್ಟೀನ್ ಗೆಳೆಯರ ಜೊತೆ ಸೇರಿ ನೆರೆಯ ತೋಟದ ಮರವನ್ನು ಬೋಳಿಸಿದ. ಹಸಿವೆಯಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಇಷ್ಟು ಸಣ್ಣ ತಪ್ಪಿಗೆ ಪುಟಗಟ್ಟಲೆ ಏಕೆ ಬರೆದನೆಂದು ಓದಿದವರು ಅಚ್ಚರಿಪಡುತ್ತಾರೆ. ಆತನನ್ನು ಕಾಡಿದ್ದು ಹಣ್ಣಿನ ಬೆಲೆಯಲ್ಲ. ಒಬ್ಬನೇ ಇದ್ದಿದ್ದರೆ ತಾನು ಅದನ್ನು ಎಂದೂ ಮಾಡುತ್ತಿರಲಿಲ್ಲ ಎಂಬ ಅರಿವು. ನಾಲ್ಕು ಜನ ಹೊರಟಾಗ ಹಿಂದುಳಿದರೆ ನಾಚಿಕೆ. ತಪ್ಪು ಮಾಡುವುದಕ್ಕೆ ನಾಚಿಕೆಯಿಲ್ಲ. ಹದಿನಾರರ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗ ಕಾರ್ತೇಜಿಗೆ ಹೋದ ಸ್ವಲ್ಪದರಲ್ಲೇ ತಂದೆ ತೀರಿಕೊಂಡ. ರೊಮಾನಿಯಾನಸ್ ಎಂಬ ಊರಿನ ಶ್ರೀಮಂತ ನೆರವಿಗೆ ನಿಂತ. ಮಹಾನಗರದಲ್ಲಿ ಅಗಸ್ಟೀನ್ ಓದಿನಲ್ಲಿ ಎಲ್ಲರಿಗಿಂತ ಮುಂದೆ ಹೋದ. ಒಬ್ಬ ಹೆಣ್ಣಿನ ಜೊತೆ ಮದುವೆಯಿಲ್ಲದೆ ಸಂಸಾರವನ್ನೂ ಹೂಡಿದ. ಸುಮಾರು 372ರಲ್ಲಿ ಗಂಡುಮಗು ಹುಟ್ಟಿತು. ಅದಕ್ಕೆ ಇಟ್ಟ ಹೆಸರು ಅದೆಯೊದಾತುಸ್. ದೇವರು ಕೊಟ್ಟವನು ಎಂದು ಅದರ ಅರ್ಥ, ನಮ್ಮ ದೇವದತ್ತನೇ.

ಪಾಠ ಹೇಳುವ ಕಷ್ಟ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪಠ್ಯಕ್ರಮದ ಭಾಗವಾಗಿ ಆತನ ಕೈಗೆ ಸಿಸಿರೋ ಬರೆದ 'ಹೊರ್ಟೆನ್ಸಿಯಸ್' ಎಂಬ ಪುಸ್ತಕ ಬಂತು. ಇಂದು ಅದರ ತುಣುಕುಗಳಷ್ಟೇ ಉಳಿದಿವೆ. ವಾಗ್ಮಿಯಾಗಲು ಓದಬೇಕಾಗಿದ್ದ ಪುಸ್ತಕ ಆತನಲ್ಲಿ ಸತ್ಯ ತಿಳಿಯುವ ಹಂಬಲ ಹಚ್ಚಿತು. ಆ ಹಂಬಲದಲ್ಲೇ ಆತ ಮಾನಿ ಎಂಬ ಪ್ರವಾದಿಯ ಪಂಥಕ್ಕೆ ಸೇರಿದ. ಮೂರನೆಯ ಶತಮಾನದಲ್ಲಿ ಮೆಸೊಪೊಟೇಮಿಯದಲ್ಲಿ ಹುಟ್ಟಿದ ಈ ಪಂಥ ಬೆಳಕು ಮತ್ತು ಕತ್ತಲೆಗಳ ಯುದ್ಧವೇ ಜಗತ್ತು ಎನ್ನುತ್ತಿತ್ತು. ಸುಮಾರು ಒಂಬತ್ತು ವರ್ಷ ಆತ ಅದರ ಅನುಯಾಯಿಯಾಗಿದ್ದ. ಮೋನಿಕಾಳ ಎದೆ ಒಡೆಯಿತು. ಕೆಲವು ಕಾಲ ಮಗನನ್ನು ಮನೆಗೇ ಸೇರಿಸಲಿಲ್ಲ.

ಆಕೆ ಒಬ್ಬ ಬಿಷಪ್ ಬಳಿ ಹೋಗಿ, ಮಗನೊಡನೆ ವಾದ ಮಾಡಿ ಅವನ ತಪ್ಪು ತೋರಿಸಿಕೊಡಬೇಕೆಂದು ಅಂಗಲಾಚಿದಳು. ಆತ ಒಪ್ಪಲಿಲ್ಲ. ಹುಡುಗ ಹೊಸ ವಿಚಾರದ ಅಮಲಿನಲ್ಲಿದ್ದಾನೆ, ಈಗ ಏನು ಹೇಳಿದರೂ ಕಿವಿಗೆ ಹೋಗದು, ಓದುತ್ತ ಓದುತ್ತ ತಾನೇ ತಿಳಿದುಕೊಳ್ಳುತ್ತಾನೆ ಎಂದ. ಆ ಬಿಷಪ್ ಸ್ವತಃ ಬಾಲ್ಯದಲ್ಲಿ ಅದೇ ಪಂಥದಲ್ಲಿ ಬೆಳೆದು, ಅವರ ಗ್ರಂಥಗಳನ್ನು ನಕಲು ಮಾಡಿ, ಯಾರ ವಾದವೂ ಇಲ್ಲದೆ ಹೊರಬಂದವನು. ಕಾಯುವುದೂ ಒಂದು ಬಗೆಯ ಕಲಿಸುವಿಕೆ ಎಂಬುದು ಆತನಿಗೆ ಅನುಭವದಿಂದ ಗೊತ್ತಿತ್ತು.

ಈ ನಡುವೆ ಅಗಸ್ಟೀನ್ ತಾನೇ ಮೇಷ್ಟ್ರಾದ. ಮೊದಲು ತಗಾಸ್ತೆಯಲ್ಲಿ ಪಾಠ ಹೇಳಿದ, ಆಮೇಲೆ ಕಾರ್ತೇಜಿನಲ್ಲಿ ಭಾಷಣಶಾಸ್ತ್ರ ಹೇಳಿಕೊಟ್ಟ. ಕಾರ್ತೇಜಿನ ವಿದ್ಯಾರ್ಥಿಗಳು ಪುಂಡರು. ತಮ್ಮದಲ್ಲದ ತರಗತಿಗೂ ನುಗ್ಗಿ ಗದ್ದಲ ಎಬ್ಬಿಸುತ್ತಿದ್ದರು. ರೋಮಿನ ಹುಡುಗರು ಶಾಂತರೆಂದು ಕೇಳಿ 383ರಲ್ಲಿ ಅಲ್ಲಿಗೆ ಹೊರಟ. ಅವರು ಶಾಂತರೇನೋ ಹೌದು. ಆದರೆ ಸಂಭಾವನೆ ಕೊಡುವ ದಿನ ಹತ್ತಿರ ಬಂದಾಗ ಗುಂಪಾಗಿ ಎದ್ದು ಬೇರೆ ಮೇಷ್ಟ್ರ ಬಳಿಗೆ ಹೋಗಿಬಿಡುತ್ತಿದ್ದರು!

ಮರುವರ್ಷ, 384ರಲ್ಲಿ, ಅದೃಷ್ಟ ತೆರೆಯಿತು. ಆಗ ಚಕ್ರವರ್ತಿಯ ಆಸ್ಥಾನವಿದ್ದುದು ಮಿಲಾನ್ ನಗರದಲ್ಲಿ. ಅಲ್ಲಿಗೆ ಭಾಷಣಶಾಸ್ತ್ರದ ಅಧ್ಯಾಪಕ ಬೇಕಾಗಿತ್ತು. ರೋಮಿನ ನಗರಾಧಿಕಾರಿ ಸಿಮ್ಮಾಕಸ್ ಈ ಆಫ್ರಿಕದ ಯುವಕನನ್ನು ಆರಿಸಿ ಕಳಿಸಿದ. ತಗಾಸ್ತೆಯ ಸಣ್ಣ ಹಿಡುವಳಿದಾರನ ಮಗ ಮೂವತ್ತರೊಳಗೆ ಅರಮನೆಯ ಬಾಗಿಲು ಮುಟ್ಟಿದ್ದ. ತಂದೆ ಕಂಡ ಕನಸು ನನಸಾಗಿತ್ತು.

ಕನಸು ನನಸಾದವನಿಗೆ ನೆಮ್ಮದಿ ಮಾತ್ರ ಇರಲಿಲ್ಲ. ಒಂದು ದಿನ ಚಕ್ರವರ್ತಿಯನ್ನು ಹೊಗಳುವ ಭಾಷಣ ಸಿದ್ಧಮಾಡಿಕೊಂಡು ಮಿಲಾನಿನ ಬೀದಿಯಲ್ಲಿ ನಡೆಯುತ್ತಿದ್ದ. ಆ ಭಾಷಣದಲ್ಲಿ ಸುಳ್ಳೇ ಹೆಚ್ಚು, ಕೇಳುವವರಿಗೂ ಅದು ಸುಳ್ಳೆಂದು ಗೊತ್ತು. ದಾರಿಯಲ್ಲಿ ಒಬ್ಬ ಭಿಕ್ಷುಕ ನಾಲ್ಕು ಕಾಸಿನ ಹೆಂಡ ಕುಡಿದು ನಗುತ್ತ ಕುಳಿತಿದ್ದ. ಇಷ್ಟು ಓದಿ, ಇಷ್ಟು ಬೆವರಿಳಿಸಿ ತಾನು ಹುಡುಕುತ್ತಿರುವ ಸಂತೋಷ ಇವನಿಗೆ ಇಷ್ಟು ಅಗ್ಗವಾಗಿ ಸಿಕ್ಕಿತಲ್ಲ ಎಂದು ಅಗಸ್ಟೀನ್ ಗೆಳೆಯರೊಡನೆ ಹೇಳಿಕೊಂಡ. ಅವನ ಸಂತೋಷ ನಿಜವಾದುದಲ್ಲ ಎಂಬುದೂ ಆತನಿಗೆ ತಿಳಿದಿತ್ತು. ತನ್ನದೂ ಅಲ್ಲ ಎಂಬುದು ಆ ದಿನ ತಿಳಿಯಿತು.

ತಾಯಿ ಮತ್ತು ಮಗ

ರೋಮಿಗೆ ಹೊರಟಾಗ ಅಗಸ್ಟೀನ್ ತಾಯಿಗೆ ಮೋಸ ಮಾಡಿದ್ದ. ಮೋನಿಕಾ ಕಡಲ ತೀರದವರೆಗೆ ಬಂದು, ಹೋಗಬೇಡ, ಹೋದರೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ಗೆಳೆಯನನ್ನು ಬೀಳ್ಕೊಡಲು ಬಂದಿದ್ದೇನೆ, ಗಾಳಿ ಬೀಸುವವರೆಗೆ ಅವನ ಜೊತೆಗಿರುತ್ತೇನೆ ಎಂದು ಮಗ ಸುಳ್ಳು ಹೇಳಿದ. ಹಡಗಿನ ಹತ್ತಿರದಲ್ಲಿದ್ದ ಸಂತ ಸಿಪ್ರಿಯನ್ನನ ಗುಡಿಯಲ್ಲಿ ರಾತ್ರಿ ಕಳೆಯುವಂತೆ ಒಪ್ಪಿಸಿದ. ಆಕೆ ಪ್ರಾರ್ಥಿಸುತ್ತಿದ್ದಾಗ ಹಡಗು ಹೊರಟುಹೋಯಿತು. ಬೆಳಿಗ್ಗೆ ಬರಿಯ ದಡ ಉಳಿದಿತ್ತು.

ಆಕೆ ಸುಮ್ಮನೆ ಕೂರಲಿಲ್ಲ. 385ರಲ್ಲಿ ಕಡಲು ದಾಟಿ ಮಿಲಾನಿಗೆ ಬಂದಳು. ದಾರಿಯಲ್ಲಿ ಬಿರುಗಾಳಿ ಎದ್ದಾಗ ನಾವಿಕರಿಗೇ ಆಕೆ ಧೈರ್ಯ ಹೇಳಿದಳಂತೆ. ಮಿಲಾನಿನಲ್ಲಿ ಆಗ ಆಂಬ್ರೋಸ್ ಬಿಷಪ್ ಆಗಿದ್ದ. ಆತ ಮೊದಲು ಪ್ರಾಂತದ ರಾಜ್ಯಪಾಲ. 374ರಲ್ಲಿ ಬಿಷಪ್ ಆಯ್ಕೆಯ ಗಲಾಟೆ ಅಡಗಿಸಲು ಹೋದಾಗ, ದೀಕ್ಷಾಸ್ನಾನವನ್ನೂ ಪಡೆಯದಿದ್ದ ಆತನನ್ನೇ ಜನ ಬಿಷಪ್ ಆಗೆಂದು ಕೂಗಿ ಆರಿಸಿದ್ದರು. ಅಗಸ್ಟೀನ್ ಮೊದಮೊದಲು ಆಂಬ್ರೋಸನ ಪ್ರವಚನಕ್ಕೆ ಹೋಗುತ್ತಿದ್ದುದು ಮಾತಿನ ಶೈಲಿ ಹೇಗಿದೆಯೆಂದು ಅಳೆಯಲು. ಬರುಬರುತ್ತ ಶೈಲಿಯ ಬೆನ್ನಿಗೆ ವಿಷಯವೂ ಒಳಗಿಳಿಯಿತು. ಆಂಬ್ರೋಸ್ ತುಟಿ ಅಲುಗಿಸದೆ ಮನಸ್ಸಿನಲ್ಲೇ ಓದುತ್ತಿದ್ದುದನ್ನು ಕಂಡು ಅಗಸ್ಟೀನ್ ಬೆರಗಾದ. ಗಟ್ಟಿಯಾಗಿ ಓದುವುದೇ ಆಗ ಹೆಚ್ಚಿನವರ ರೂಢಿ. ಎಲ್ಲಕ್ಕಿಂತ ಮುಖ್ಯವಾಗಿ ಆಂಬ್ರೋಸ್ ಆತನನ್ನು ತಂದೆಯಂತೆ ಬರಮಾಡಿಕೊಂಡ. ಮನಸ್ಸು ಕರಗಿದ್ದು ವಾದಕ್ಕಿಂತ ಮೊದಲು ಆ ಅಕ್ಕರೆಗೆ.

ಇಲ್ಲೊಂದು ಕಹಿ ಸಂಗತಿಯೂ ಇದೆ. ಮಗನಿಗೆ ದೊಡ್ಡ ಮನೆತನದ ಸಂಬಂಧ ಬೇಕೆಂದು ಮೋನಿಕಾ ಓಡಾಡಿ ಒಂದು ಹೆಣ್ಣು ಗೊತ್ತುಮಾಡಿದಳು. ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷ ಬೇಕಿತ್ತು. ಹದಿಮೂರು ಹದಿನಾಲ್ಕು ವರ್ಷ ಜೊತೆಗಿದ್ದ ಹೆಣ್ಣನ್ನು ಆಫ್ರಿಕಕ್ಕೆ ಸಾಗಹಾಕಲಾಯಿತು. ಇನ್ನೊಬ್ಬ ಗಂಡಸಿನ ಮುಖ ನೋಡೆನೆಂದು ಶಪಥ ಮಾಡಿ, ಮಗನನ್ನು ತಂದೆಯ ಬಳಿಯೇ ಬಿಟ್ಟು ಆಕೆ ಹೊರಟಳು. ಅಗಸ್ಟೀನನ ಎದೆ ಆ ಗಾಯದಿಂದ ಬಹುಕಾಲ ಒಸರಿತು. ಆದರೂ ಆತ ಆಕೆಯನ್ನು ತಡೆಯಲಿಲ್ಲ. ತನ್ನ ಪುಸ್ತಕದಲ್ಲಿ ಆಕೆಯ ಹೆಸರನ್ನೂ ಬರೆಯಲಿಲ್ಲ. ಮಗನ ಏಳಿಗೆಯ ಹಂಬಲದಲ್ಲಿ ಸಂತಳೆನಿಸಿದ ತಾಯಿಯೂ ಇನ್ನೊಬ್ಬ ತಾಯಿಯ ನೋವನ್ನು ಮರೆತಳು. ಆ ಮದುವೆಯೂ ನಡೆಯಲಿಲ್ಲ.

386ರ ಆಗಸ್ಟ್ ತಿಂಗಳು. ಮಿಲಾನಿನ ಮನೆಯ ತೋಟದಲ್ಲಿ ಅಗಸ್ಟೀನ್ ತನ್ನೊಡನೆ ತಾನೇ ಹೋರಾಡುತ್ತ ಅಳುತ್ತಿದ್ದ. ನೆರೆಮನೆಯ ಕಡೆಯಿಂದ ಒಂದು ಮಗುವಿನ ದನಿ ಕೇಳಿಸಿತು. ಎತ್ತಿಕೊಂಡು ಓದು ಎಂಬ ಅರ್ಥದ ಮಾತನ್ನು ಅದು ರಾಗವಾಗಿ ಹೇಳುತ್ತಿತ್ತು. ಯಾವ ಆಟದಲ್ಲಿ ಮಕ್ಕಳು ಹೀಗೆ ಹಾಡುತ್ತಾರೆಂದು ಯೋಚಿಸಿದರೂ ನೆನಪಾಗಲಿಲ್ಲ. ಆತ ಎದ್ದು ಹೋಗಿ ಸಂತ ಪೌಲನ ಪತ್ರಗಳ ಪುಸ್ತಕ ತೆರೆದು ಕಣ್ಣಿಗೆ ಬಿದ್ದ ಸಾಲನ್ನು ಓದಿದ. ಬದುಕಿನ ದಿಕ್ಕು ಬದಲಾಯಿತು. ಆಟ ಆಡಿದ್ದಕ್ಕೆ ಏಟು ತಿಂದಿದ್ದವನನ್ನು ಕೊನೆಗೆ ಓದಿಗೆ ಕರೆದದ್ದು ಒಂದು ಮಗುವಿನ ಹಾಡು.

ಅಧ್ಯಾಪಕ ಹುದ್ದೆಯನ್ನು ಬಿಟ್ಟ. 387ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ರಾತ್ರಿ, ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದ. ಮಗ ಅದೆಯೊದಾತುಸ್, ಗೆಳೆಯ ಅಲಿಪಿಯಸ್ ಜೊತೆಗಿದ್ದರು. ಊರಿಗೆ ಮರಳುವ ದಾರಿಯಲ್ಲಿ, ರೋಮಿನ ಬಂದರಾದ ಓಸ್ಟಿಯಾದಲ್ಲಿ, ಮೋನಿಕಾ ಜ್ವರಕ್ಕೆ ತುತ್ತಾದಳು. ಆಗ ಆಕೆಗೆ 56ನೆಯ ವರ್ಷ. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಬಹುಕಾಲದಿಂದ ಆಸೆಪಟ್ಟು ಜಾಗ ಸಿದ್ಧಮಾಡಿಕೊಂಡಿದ್ದವಳು, ದೇಹವನ್ನು ಎಲ್ಲಾದರೂ ಹೂಳಿರಿ, ಪ್ರಾರ್ಥನೆಯಲ್ಲಿ ನೆನೆಯಿರಿ ಎಂದಷ್ಟೇ ಹೇಳಿ ಕಣ್ಣುಮುಚ್ಚಿದಳು. ಮೊಮ್ಮಗ ಗೋಳೋ ಎಂದು ಅತ್ತ. ದೊಡ್ಡವರು ಅವನನ್ನು ಸುಮ್ಮನಾಗಿಸಿದರು. ಅಗಸ್ಟೀನ್ ಕಣ್ಣೀರು ತಡೆದುಕೊಂಡ. ಒಬ್ಬನೇ ಆದಾಗ ತಡೆಯಲಾಗಲಿಲ್ಲ. ಆಕೆಯ ಸಮಾಧಿಶಾಸನದ ಕಲ್ಲಿನ ಒಂದು ತುಂಡು 1945ರಲ್ಲಿ ಓಸ್ಟಿಯಾದಲ್ಲಿ ದೊರೆಯಿತು.

ಮಗನಿಗೆ ಹೇಳಿದ ಪಾಠ

388ರಲ್ಲಿ ತಗಾಸ್ತೆಗೆ ಮರಳಿದ ಅಗಸ್ಟೀನ್ ಗೆಳೆಯರೊಡನೆ ಸನ್ಯಾಸಿಯಂತೆ ಬದುಕತೊಡಗಿದ. ಅಲ್ಲಿ ಬರೆದ ಒಂದು ಸಣ್ಣ ಪುಸ್ತಕದ ಹೆಸರು 'ಗುರುವನ್ನು ಕುರಿತು' ಎಂಬ ಅರ್ಥದ್ದು. ಅದು ತಂದೆ ಮಗನ ಸಂವಾದ. ಮಗನ ಬಾಯಲ್ಲಿ ಬರುವ ಮಾತುಗಳೆಲ್ಲ ನಿಜವಾಗಿ ಅವನವೇ, ಆಗ ಅವನಿಗೆ ಹದಿನಾರು ವರ್ಷ, ಅವನ ಬುದ್ಧಿಯನ್ನು ಕಂಡು ತಾನೇ ಬೆಚ್ಚಿದೆ ಎಂದು ಅಗಸ್ಟೀನ್ ಹೇಳಿಕೊಂಡಿದ್ದಾನೆ.

ಆ ಪುಸ್ತಕದ ಸಾರ ಹೀಗಿದೆ. ಮಾತು ಒಂದು ಗುರುತು ಮಾತ್ರ. ಮೇಷ್ಟ್ರ ತಲೆಯಲ್ಲಿರುವುದನ್ನು ಮಾತು ಎತ್ತಿಕೊಂಡು ಹೋಗಿ ಶಿಷ್ಯನ ತಲೆಯಲ್ಲಿ ಇಡುವುದಿಲ್ಲ. ಕೇಳಿದ್ದನ್ನು ಶಿಷ್ಯ ತನ್ನೊಳಗಿನ ಬೆಳಕಿನಲ್ಲಿ ತಾನೇ ನೋಡಿ ಹೌದೋ ಅಲ್ಲವೋ ತೂಗಬೇಕು. ಆಗಲೇ ಅದು ತಿಳಿವಳಿಕೆ. ಆ ಒಳಗಿನ ಗುರು ಕ್ರಿಸ್ತನೇ ಎಂಬುದು ಆತನ ನಂಬಿಕೆ. ಮೇಷ್ಟ್ರು ಏನು ಯೋಚಿಸುತ್ತಾನೆಂದು ತಿಳಿಯಲು ಮಗನನ್ನು ಶಾಲೆಗೆ ಕಳಿಸುವಷ್ಟು ಮೂಢರು ಯಾರಿದ್ದಾರೆ ಎಂದೂ ಆತ ಅದರಲ್ಲಿ ಕೇಳುತ್ತಾನೆ. ಕಳಿಸುವುದು ವಿದ್ಯೆಗಾಗಿ. ಮೇಷ್ಟ್ರ ಅಭಿಪ್ರಾಯವನ್ನು ಕಂಠಪಾಠ ಮಾಡಿ ಬರಲೆಂದಲ್ಲ.

ಮಗನ ಮಾತಿಗೆ ಸಮನಾದ ಬೆಲೆ ಕೊಟ್ಟು ಪುಸ್ತಕ ಬರೆದ ತಂದೆಗೆ ಆ ಮಗ ಹೆಚ್ಚು ದಿನ ಉಳಿಯಲಿಲ್ಲ. ಅದೆಯೊದಾತುಸ್ ಅದಾದ ಸ್ವಲ್ಪ ಕಾಲದಲ್ಲೇ, ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡ.

ಬೇಸತ್ತ ಮೇಷ್ಟ್ರಿಗೊಂದು ಉತ್ತರ

391ರಲ್ಲಿ ಅಗಸ್ಟೀನ್ ಕಡಲ ತೀರದ ಹಿಪ್ಪೊ ನಗರಕ್ಕೆ ಹೋಗಿದ್ದ. ಇಂದಿನ ಅನ್ನಾಬಾ ನಗರವಿರುವುದು ಅಲ್ಲಿಯೇ. ಅಲ್ಲಿನ ವೃದ್ಧ ಬಿಷಪ್ ವಲೇರಿಯಸ್ ಗ್ರೀಕ್ ಭಾಷಿಕ, ಲ್ಯಾಟಿನ್‌ನಲ್ಲಿ ಪ್ರವಚನ ಹೇಳುವುದು ಆತನಿಗೆ ಕಷ್ಟ. ಒಬ್ಬ ಪಾದ್ರಿ ಬೇಕೆಂದು ಆತ ಹೇಳುತ್ತಿದ್ದಂತೆ ಸೇರಿದ್ದ ಜನ ಅಗಸ್ಟೀನನನ್ನು ಹಿಡಿದು ಮುಂದಕ್ಕೆ ತಂದರು. ಆತ ಅತ್ತುಬಿಟ್ಟ. ಪಾದ್ರಿಯ ಪಟ್ಟ ಚಿಕ್ಕದಾಯಿತೆಂದು ಅಳುತ್ತಿದ್ದಾನೆಂದು ಭಾವಿಸಿ ಕೆಲವರು ಸಮಾಧಾನ ಹೇಳಿದರಂತೆ! ಕೆಲವೇ ವರ್ಷಗಳಲ್ಲಿ ಆತ ಅಲ್ಲಿಯ ಬಿಷಪ್ ಆದ. ಮುಂದಿನ ಮೂವತ್ತನಾಲ್ಕು ಮೂವತ್ತೈದು ವರ್ಷ ಹಿಪ್ಪೊದ ಬಿಷಪ್ ಆಗಿಯೇ ಉಳಿದ.

ಸುಮಾರು 400ರಲ್ಲಿ ಕಾರ್ತೇಜಿನ ದೆಯೊಗ್ರಾಸಿಯಸ್ ಎಂಬ ಧರ್ಮಸೇವಕ ಆತನಿಗೆ ಕಾಗದ ಬರೆದ. ಹೊಸಬರಿಗೆ ಧರ್ಮದ ಮೊದಲ ಪಾಠ ಹೇಳುವುದು ಆತನ ಕೆಲಸ. ಹೇಳಿದ್ದನ್ನೇ ಹೇಳಿ ಸಾಕಾಗಿದೆ, ತನಗೇ ಬೇಸರ, ಕೇಳುವವರಿಗೆ ಇನ್ನೆಷ್ಟೋ ಎಂಬುದು ಆತನ ಅಳಲು. ಅಗಸ್ಟೀನ್ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದ. ಮೊದಲಿಗೆ, ತನ್ನ ಪಾಠವೂ ತನಗೆ ಹೆಚ್ಚಾಗಿ ಸಮಾಧಾನ ಕೊಡುವುದಿಲ್ಲ ಎಂದು ಒಪ್ಪಿಕೊಂಡ. ಮನಸ್ಸಿನಲ್ಲಿ ವಿಚಾರ ಮಿಂಚಿನಂತೆ ಹೊಳೆಯುತ್ತದೆ. ನಾಲಿಗೆ ಮಾತ್ರ ಕುಂಟುತ್ತ ಹಿಂದೆ ಬರುತ್ತದೆ.

ಹೇಳಿದ್ದನ್ನೇ ಹೇಳುವ ಬೇಸರಕ್ಕೆ ಆತ ಕೊಡುವ ಮದ್ದು ಸೊಗಸಾಗಿದೆ. ದಿನವೂ ಕಣ್ಣೆತ್ತಿಯೂ ನೋಡದೆ ದಾಟುವ ನಮ್ಮೂರಿನ ಸುಂದರ ತಾಣಗಳನ್ನು ಹೊಸದಾಗಿ ಬಂದ ಗೆಳೆಯನಿಗೆ ತೋರಿಸುವಾಗ, ಅವನ ಸಂತೋಷದಿಂದ ನಮಗೂ ಅದು ಹೊಸದಾಗಿ ಕಾಣುವುದಿಲ್ಲವೇ? ಶಿಷ್ಯನನ್ನು ಪ್ರೀತಿಸಿದರೆ ಹಳೆಯ ಪಾಠವೂ ಹಾಗೆಯೇ ಹೊಸದಾಗುತ್ತದೆ. ಮಗುವಿಗೆ ತುತ್ತನ್ನು ನುರಿದು ಕೊಡುವ ತಾಯಿಗೆ ತಾನೇ ದೊಡ್ಡ ತುತ್ತು ಉಣ್ಣುವುದಕ್ಕಿಂತ ಅದರಲ್ಲೇ ಸುಖ. ಕೇಳುವವನು ಓದಿದವನೋ ಓದದವನೋ ಮೊದಲು ತಿಳಿದುಕೊ. ಆಕಳಿಸಿದರೆ ಗದರಬೇಡ, ನಗೆ ತರಿಸುವ ಒಂದು ಮಾತು ಹೇಳು, ಕೂರಲು ಆಸನ ಕೊಡು. ಎಲ್ಲಕ್ಕಿಂತ ದೊಡ್ಡದು ಮೇಷ್ಟ್ರ ಮನಸ್ಸಿನ ಗೆಲುವು. ಕಲಿಸುವವನು ಗೆಲುವಾಗಿದ್ದರೆ ಕೇಳುವವನಿಗೂ ಹಿತ.

ತಗಾಸ್ತೆಯ ಶಾಲೆಯಲ್ಲಿ ತನಗೆ ಸಿಗದಿದ್ದ ಮೇಷ್ಟ್ರು ಹೇಗಿರಬೇಕಿತ್ತೆಂದು ಆತ ಇಲ್ಲಿ ಬರೆದಿಟ್ಟ ಹಾಗಿದೆ.

ತಿರುಗಿ ಬಂದ ಬೆತ್ತ

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸಂತರ ಬದುಕು ನೀತಿಕಥೆಯಷ್ಟು ನೇರವಾಗಿರುವುದಿಲ್ಲ. ಆಫ್ರಿಕದ ಕ್ರೈಸ್ತರು ಆಗ ಎರಡು ಬಣಗಳಾಗಿ ಒಡೆದಿದ್ದರು. ನೂರು ವರ್ಷದ ಹಿಂದಿನ ದಮನದ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಪಾದ್ರಿಗಳ ವಿಷಯದಲ್ಲಿ ಹುಟ್ಟಿದ ಜಗಳ ಅದು. ಡೊನಾಟಸ್ ಎಂಬಾತನ ಹೆಸರಿನ ಬಣದವರನ್ನು ವಾದದಿಂದಲೇ ಗೆಲ್ಲಬೇಕು, ಬಲಾತ್ಕಾರ ಕೂಡದು ಎಂಬುದು ಅಗಸ್ಟೀನನ ಮೊದಲ ನಿಲುವು. 405ರಲ್ಲಿ ಚಕ್ರವರ್ತಿ ಆ ಬಣದ ವಿರುದ್ಧ ಕಾನೂನು ತಂದ. ಹೆದರಿಕೆಯಿಂದ ಜನ ಮರಳಿ ಬರುವುದನ್ನು ಕಂಡು ಅಗಸ್ಟೀನ್ ನಿಲುವು ಬದಲಿಸಿದ. ಭಯವೂ ಕೆಲವೊಮ್ಮೆ ಒಳ್ಳೆಯ ಶಿಕ್ಷಣ ಎಂದು ಸಮರ್ಥಿಸಿದ. ಬಾಲ್ಯದ ನೆನಪಿನ ನಡುವೆ ಒಂದು ಮಾತಾಗಿ ಬಂದಿದ್ದ ಶಿಸ್ತಿನ ಕಟ್ಟೆ ಈಗ ರಾಜಾಜ್ಞೆಯ ಗೋಡೆಯಾಗಿತ್ತು. ನಂತರದ ಶತಮಾನಗಳಲ್ಲಿ ಧರ್ಮದ ಹೆಸರಿನಲ್ಲಿ ಬಲಾತ್ಕಾರ ನಡೆಸಿದವರು ಆತನ ಈ ಬರಹಗಳನ್ನು ಆಧಾರವಾಗಿ ತೋರಿಸಿದರು.

ಆದರೂ ಒಂದು ಎಲ್ಲೆಯನ್ನು ಆತ ದಾಟಲಿಲ್ಲ. 411ರ ಸುಮಾರಿಗೆ ಎದುರು ಬಣದ ಕೆಲವರು ಆತನ ಕಡೆಯ ಒಬ್ಬ ಪಾದ್ರಿಯನ್ನು ಕೊಂದು, ಇನ್ನೊಬ್ಬನ ಕಣ್ಣು ಕಿತ್ತು ಬೆರಳು ಕತ್ತರಿಸಿದ್ದರು. ಅವರಿಗೆ ಮರಣದಂಡನೆ ಕೊಡಬೇಡ, ಅಂಗಛೇದ ಮಾಡಬೇಡ ಎಂದು ಅಗಸ್ಟೀನ್ ಅಧಿಕಾರಿ ಮಾರ್ಸೆಲಿನಸ್‌ಗೆ ಬರೆದು ಬೇಡಿಕೊಂಡ. ವಿಚಾರಣೆಯಲ್ಲಿ ಚಿತ್ರಹಿಂಸೆಯ ಉಪಕರಣಗಳನ್ನು ಬಳಸದೆ ಬರಿಯ ಬೆತ್ತ ಬಳಸಿದ್ದನ್ನು ಮೆಚ್ಚಿದ. ಮೇಷ್ಟ್ರುಗಳು, ಹೆತ್ತವರು ಬಳಸುವ ಸಾಧನವಲ್ಲವೇ ಅದು ಎಂದ. ಬೆತ್ತ ಬೀಳದಿರಲೆಂದು ದೇವರಿಗೆ ಮೊರೆಯಿಟ್ಟ ಹುಡುಗನ ಕೈಯಿಂದಲೇ ಈ ಸಾಲು ಬಂತು. ನೋವು ಉಂಡವನಿಗೂ ಅಧಿಕಾರದ ಪೀಠದಲ್ಲಿ ಕುಳಿತಾಗ ಬೆತ್ತ ಹಗುರವಾಗಿ ಕಾಣುತ್ತದೆ.

ಕೊನೆಯ ಪಾಠ

410ರಲ್ಲಿ ಗಾಥ್ ಜನ ರೋಮ್ ನಗರವನ್ನು ಸೂರೆಮಾಡಿದ ಮೇಲೆ ಅಗಸ್ಟೀನ್ 'ದೇವನಗರಿ' ಎಂಬ ಅರ್ಥದ ಹೆಸರಿನ 22 ಭಾಗಗಳ ಮಹಾಗ್ರಂಥವನ್ನು ಬರೆಯತೊಡಗಿದ. 413ರಿಂದ 426ರವರೆಗೆ ಆ ಕೆಲಸ ನಡೆಯಿತು. ಕೊನೆಯ ಭಾಗಗಳನ್ನು ಬರೆಯುವಾಗ ಆತನಿಗೆ ಎಪ್ಪತ್ತು ದಾಟಿತ್ತು. ಅಲ್ಲಿ ಮನುಷ್ಯ ಜನ್ಮದ ಕಷ್ಟಗಳನ್ನು ಎಣಿಸುತ್ತ, ಮತ್ತೆ ಮಗುವಾಗು ಇಲ್ಲವೇ ಸಾಯಿ ಎಂದರೆ ಯಾರು ತಾನೇ ಬೆದರಿ ಸಾವನ್ನು ಆರಿಸಿಕೊಳ್ಳುವುದಿಲ್ಲ ಎಂದು ಕೇಳುತ್ತಾನೆ. ಅರವತ್ತು ವರ್ಷ ಕಳೆದಿತ್ತು, ರಾಜರು ಬದಲಾಗಿದ್ದರು, ರೋಮ್ ಬಿದ್ದಿತ್ತು. ತಗಾಸ್ತೆಯ ಶಾಲೆಯ ಬಾಸುಂಡೆ ಮಾತ್ರ ಮಾಗಿರಲಿಲ್ಲ.

ಆದರೆ ಅದೇ ಇಳಿವಯಸ್ಸಿನಲ್ಲಿ ಆತ ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಂಡ. ಅಲ್ಲಿಯವರೆಗೆ ಬರೆದಿದ್ದ 93 ಕೃತಿಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು, ಎಲ್ಲೆಲ್ಲಿ ತಪ್ಪಿದ್ದೇನೆ, ಎಲ್ಲೆಲ್ಲಿ ಮಾತು ಸಡಿಲವಾಗಿದೆ ಎಂದು ಗುರುತು ಹಾಕಿದ. ಮೇಷ್ಟ್ರು ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿದ ಹಾಗೆ. ಎಲ್ಲ ತಪ್ಪುಗಳೂ ಆತನ ಕಣ್ಣಿಗೆ ಬೀಳಲಿಲ್ಲ. ಬಲಾತ್ಕಾರದ ವಿಷಯದಲ್ಲಿ ಆತ ತನ್ನ ಹಳೆಯ, ಮೃದುವಾದ ನಿಲುವನ್ನೇ ತಪ್ಪೆಂದು ತಿದ್ದಿದ. ಆದರೂ ದೊಡ್ಡವನಾದ ಮೇಲೆ ತಿದ್ದಿಕೊಳ್ಳುವ ಕೆಲಸ ಮುಗಿಯಿತು ಎಂದುಕೊಳ್ಳದೆ ಲೇಖನಿ ಹಿಡಿದು ಕುಳಿತ ಆ ಮುದುಕನಿಂದ ಇಂದಿನವರೂ ಕಲಿಯಬಹುದು.

430ರಲ್ಲಿ ವ್ಯಾಂಡಲ್ ಸೈನ್ಯ ಹಿಪ್ಪೊ ನಗರಕ್ಕೆ ಮುತ್ತಿಗೆ ಹಾಕಿತು. ಮೂರನೆಯ ತಿಂಗಳಲ್ಲಿ ಅಗಸ್ಟೀನ್ ಜ್ವರದಿಂದ ಮಲಗಿದ. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಅಂಟಿಸಿಕೊಂಡು, ಮಲಗಿದಲ್ಲಿಂದಲೇ ಓದುತ್ತ ಕಣ್ಣೀರಿಟ್ಟನೆಂದು ಶಿಷ್ಯ ಪೊಸಿಡಿಯಸ್ ಬರೆದಿದ್ದಾನೆ. ಆಗಸ್ಟ್ 28ರಂದು ಪ್ರಾಣ ಬಿಟ್ಟ. ಉಯಿಲು ಬರೆದಿಡಲಿಲ್ಲ. ಬರೆದಿಡಲು ಆಸ್ತಿಯೇ ಇರಲಿಲ್ಲ. ಚರ್ಚಿನ ಪುಸ್ತಕಗಳನ್ನು ಮುಂದಿನವರಿಗಾಗಿ ಜೋಪಾನವಾಗಿಡಬೇಕೆಂಬುದಷ್ಟೇ ಆತನ ಕೋರಿಕೆ.

ಕಡೆಯ ದಿನದವರೆಗೂ ಓದುತ್ತಿದ್ದ ಆತನಿಗೆ ಆ ಓದನ್ನು ಯಾವ ಬೆತ್ತವೂ ಕಲಿಸಿರಲಿಲ್ಲ. ದಾದಿಯರ ನಗು, ಒಂದು ಹಳೆಯ ಪುಸ್ತಕ, ಆಂಬ್ರೋಸನ ಅಕ್ಕರೆ, ತೋಟದಾಚೆಯ ಮಗುವಿನ ಹಾಡು ಕಲಿಸಿದ್ದವು. ಮಗುವಿನ ಬ್ಯಾಗು, ಪುಸ್ತಕ, ಶುಲ್ಕ ಎಲ್ಲವನ್ನೂ ಹೊಂದಿಸಿ ದಣಿದ ತಂದೆತಾಯಿ ಸಂಜೆ ಒಮ್ಮೆ ಅದರ ಮುಖವನ್ನೂ ನೋಡಿದರೆ, ಪ್ಯಾಟ್ರೀಷಿಯಸ್‌ಗೆ ಕಾಣದೆ ಹೋದದ್ದು ಅವರಿಗೆ ಕಂಡೀತು.